ಯುಗಾದಿಗೆ ಬೇವಿನ ಹೂ ಸಿಗುವ ವರ್ಷ, ಸಿಗದ ವರ್ಷ

ಯುಗಾದಿಯ ಬೇವು-ಬೆಲ್ಲಕ್ಕೆ ಎಲೆಯಲ್ಲ, ಹೂವೇ ಆಗಬೇಕು ಎಂಬುದು ಅಮ್ಮನ ಹಟವಾಗಿತ್ತು. ಹೂ ಸಿಗದ ವರ್ಷ ಆಕೆ ಎಳೆಯ ಚಿಗುರನ್ನು ಸಣ್ಣಗೆ ಹೆಚ್ಚಿ ಬೆಲ್ಲದೊಡನೆ ಕಲಸುತ್ತಿದ್ದಳಾದರೂ ಮನಸ್ಸಿಗೆ ಸಮಾಧಾನ ಇರುತ್ತಿರಲಿಲ್ಲ. ಅಂದು ಸಂಜೆ ಪಂಚಾಂಗ ಶ್ರವಣ ಮುಗಿದ ಮೇಲೆ ಹೊಸ ಪಂಚಾಂಗದ ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ "ಹೂ ಇಲ್ಲ, ಚಿಗುರು" ಎಂದು ಬರೆದಿಡುತ್ತಿದ್ದಳು. ಸಿಕ್ಕ ವರ್ಷ "ಹೂ ಧಾರಾಳ" ಎಂದಿರುತ್ತಿತ್ತು; ಹಬ್ಬ ತಡವಾಗಿ ಬಂದ ವರ್ಷಗಳಲ್ಲಿ "ಉದುರಿದೆ, ಮೇಲಿನ ಕೊಂಬೆಯಲ್ಲಿ ಸ್ವಲ್ಪ" ಎಂಬ ಸಾಲು. ಆಕೆ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸಿಕ್ಕ ಹಳೆಯ ಪಂಚಾಂಗಗಳನ್ನು ತಿರುವಿ ಹಾಕುತ್ತಿದ್ದಾಗ ಈ ಸಾಲುಗಳೇ ಕಣ್ಣಿಗೆ ಬಿದ್ದವು. 2020ರಿಂದ ನಾನೂ ಅದೇ ಜಾಗದಲ್ಲಿ, ಅದೇ ಬಗೆಯ ಪೆನ್ಸಿಲಿನಲ್ಲಿ, ನಮ್ಮ ಬೀದಿಯ ಬೇವಿನ ಮರದ ಸಮಾಚಾರವನ್ನು ಬರೆಯತೊಡಗಿದೆ.

ಮೊದಮೊದಲು ಇದು ಮರದ ಚಂಚಲತೆಯೆಂದೇ ನನಗೆ ತೋರಿತ್ತು. ಪಕ್ಕದಲ್ಲಿ ಇಂಗ್ಲಿಷ್ ತಾರೀಖುಗಳನ್ನು ಬರೆದುಕೊಂಡ ದಿನ ಆ ತಿಳಿವಳಿಕೆ ಅರ್ಧಕ್ಕರ್ಧ ಕುಸಿಯಿತು. 2020ರ ಯುಗಾದಿ ಮಾರ್ಚ್ 25ಕ್ಕೆ, 2021ರದು ಏಪ್ರಿಲ್ 13ಕ್ಕೆ, 2022ರದು ಏಪ್ರಿಲ್ 2ಕ್ಕೆ, 2023ರದು ಮಾರ್ಚ್ 22ಕ್ಕೆ, 2024ರದು ಏಪ್ರಿಲ್ 9ಕ್ಕೆ, 2025ರದು ಮಾರ್ಚ್ 30ಕ್ಕೆ ಬಂದಿವೆ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನಗಳೇ ಇರುವುದರಿಂದ ಹಬ್ಬ ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದಕ್ಕೆ ಸರಿಯುತ್ತ ಹೋಗಿ, ಅಧಿಕಮಾಸ ಬಂದ ವರ್ಷದ ಮರುಯುಗಾದಿಗೆ ಒಮ್ಮೆಲೇ ಮುಂದಕ್ಕೆ ನೆಗೆಯುತ್ತದೆ. 2023ಕ್ಕೂ 2021ಕ್ಕೂ ನಡುವಿನ ಅಂತರ ಇಪ್ಪತ್ತೆರಡು ದಿನ. ಒಂದು ಬೇವಿನ ಮರ ಮೈತುಂಬ ಹೂ ಹೊತ್ತು ನಿಲ್ಲುವುದೇ ಕೆಲವು ವಾರಗಳ ಮಟ್ಟಿಗೆ. ಹೀಗಿರುವಾಗ ಮಾರ್ಚ್ 22ಕ್ಕೆ ಮೊಗ್ಗು ಮಾತ್ರ ಸಿಕ್ಕಿ ಏಪ್ರಿಲ್ 13ಕ್ಕೆ ಉದುರಿದ ಹೂ ಸಿಕ್ಕರೆ ತಪ್ಪು ಮರದ ಮೇಲೆ ಹೊರಿಸುವಂತಿಲ್ಲ. ಮರ ನಿಂತಲ್ಲೇ ನಿಂತಿತ್ತು, ಅತ್ತಿತ್ತ ಓಡಾಡುತ್ತಿದ್ದದ್ದು ಹಬ್ಬ.

ನಮ್ಮ ರೈತರು ಈ ತೊಡಕನ್ನು ಎಂದೋ ಬಿಡಿಸಿಕೊಂಡಿದ್ದರು. ಹಬ್ಬಕ್ಕೆ ಚಂದ್ರನ ಲೆಕ್ಕ, ಬೇಸಾಯಕ್ಕೆ ಸೂರ್ಯನ ಲೆಕ್ಕ. ಮಳೆಯನ್ನು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಕರೆಯುವಾಗ ಅವರು ಎಣಿಸುತ್ತಿದ್ದದ್ದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದನ್ನು. ಆದ್ದರಿಂದ ಅಶ್ವಿನಿ ಮಳೆ ಪ್ರತಿ ವರ್ಷವೂ ಏಪ್ರಿಲ್ ನಡುಭಾಗಕ್ಕೇ ಕಾಲಿಡುತ್ತದೆ, ರೋಹಿಣಿ ಮೇ ಕೊನೆಯ ವಾರಕ್ಕೇ ಬರುತ್ತದೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಮಾತು ನಿಲ್ಲುವುದು ಭರಣಿಯ ತಾರೀಖು ಕದಲದಿರುವುದರಿಂದಲೇ. ಅಮ್ಮನ ಸಾಲುಗಳನ್ನು ನಾನು ಈ ಸೌರಮಾನದ ಲೆಕ್ಕಕ್ಕೆ ಹೊಂದಿಸಿ ನೋಡಿದೆ. ಆಗ ಹಬ್ಬದ ಓಡಾಟವೇನೋ ಕಳೆದುಹೋಯಿತು. ಆದರೂ ವರ್ಷದಿಂದ ವರ್ಷಕ್ಕೆ ಹತ್ತು ಹದಿನೈದು ದಿನಗಳ ವ್ಯತ್ಯಾಸ ಉಳಿದೇ ಇತ್ತು. ಆ ಉಳಿದ ವ್ಯತ್ಯಾಸವೇ ಇಂದಿನ ಬರಹದ ವಿಷಯ.

ಹವಾಮಾನದ ಮಾತಿಗೆ ಹೋಗುವ ಮುನ್ನ ಒಂದು ವರ್ಷದ ಪ್ರಸಂಗವನ್ನು ಹೇಳಬೇಕು. ಆ ಜನವರಿಯಲ್ಲಿ ವಿದ್ಯುತ್ ತಂತಿಗೆ ತಾಗುತ್ತದೆಂದು ಕೆಲಸದವರು ಬಂದು, ಹೇಳದೆ ಕೇಳದೆ, ರಸ್ತೆ ಕಡೆಯ ಕೊಂಬೆಗಳನ್ನೆಲ್ಲ ಬುಡದವರೆಗೆ ಸವರಿಹಾಕಿ ಹೋದರು. ಮಾರ್ಚಿನಲ್ಲಿ ಮರ ಎರಡು ಮುಖವಾಗಿ ನಿಂತಿತು: ನಮ್ಮ ಕಾಂಪೌಂಡಿನ ಕಡೆಗೆ ಜೇನಿನ ವಾಸನೆಯ ಬಿಳಿ ಹೂವಿನ ಗೊಂಚಲು, ರಸ್ತೆಯ ಕಡೆಗೆ ಮೊಣಕೈ ಉದ್ದದ, ತಾಮ್ರದ ಬಣ್ಣದ, ಒಂದೂ ಹೂವಿಲ್ಲದ ಪುಷ್ಟವಾದ ಚಿಗುರು. ಬೇರು ಒಂದೇ, ಬಿದ್ದ ಮಳೆ ಒಂದೇ, ಸೋಕಿದ ಚಳಿಯೂ ಒಂದೇ. ಹವೆ ಏನೇ ಹೇಳಿದರೂ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ರೆಂಬೆ ಇರಬೇಕು ಎಂಬುದನ್ನು ನಾನು ಕಲಿತದ್ದು ಆ ಹಾಳು ಕತ್ತಿಯೇಟಿನಿಂದ. ಹೂವಿನ ತಾರೀಖು ಬರೆದಿಡುವವರು ಪಕ್ಕದಲ್ಲೇ ಕೊಂಬೆ ಕಡಿದ ತಾರೀಖನ್ನೂ ಬರೆಯದಿದ್ದರೆ ಮುಂದೆ ಓದುವವರು ಅದನ್ನೇ ಹವಾಮಾನವೆಂದು ತಿಳಿದುಬಿಡುತ್ತಾರೆ.

ಶೀತ ದೇಶಗಳಲ್ಲಿ ಹೂ ಬಿಡುವ ಕಾಲದ ಲೆಕ್ಕ ಬಹುಮಟ್ಟಿಗೆ ಉಷ್ಣಾಂಶದಲ್ಲೇ ಮುಗಿಯುತ್ತದೆ. ಜಪಾನಿನ ಚೆರ್ರಿ ಮರದ ಮೊಗ್ಗು ಚಳಿಗಾಲವಿಡೀ ಮಲಗಿರುತ್ತದೆ. ಸಾಕಷ್ಟು ಚಳಿಯನ್ನು ಉಂಡ ಮೇಲೆ ಅದರ ನಿದ್ದೆ ಹರಿಯುತ್ತದೆ, ಆಮೇಲೆ ಬೆಚ್ಚನೆಯ ದಿನಗಳು ಎಷ್ಟು ಬೇಗ ಕೂಡಿ ಬಂದವೋ ಅಷ್ಟು ಬೇಗ ಅರಳುತ್ತದೆ. ಹಿಮಾಚಲದ ಸೇಬು ಬೆಳೆಗಾರರು 7 ಡಿಗ್ರಿಗಿಂತ ಕಡಿಮೆ ಇದ್ದ ಗಂಟೆಗಳನ್ನು ಎಣಿಸುವುದೂ ಇದೇ ಕಾರಣಕ್ಕೆ. ನಮ್ಮಲ್ಲಿ ಅಂಥ ಚಳಿ ಇಲ್ಲ. ಹಗಲಿನ ಉದ್ದವೂ ಇಲ್ಲಿ ಹೆಚ್ಚು ಬದಲಾಗುವುದಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರಿನ ಅತಿ ಕಿರಿಯ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನಿನ ಅತಿ ಹಿರಿಯ ಹಗಲು 13 ಗಂಟೆಗೆ ತುಸು ಕಡಿಮೆ. ಕ್ಯೋಟೋ ನಗರದಲ್ಲಿ ಇದೇ ವ್ಯತ್ಯಾಸ ನಾಲ್ಕೂವರೆ ಗಂಟೆಯನ್ನು ಮೀರುತ್ತದೆ. ಹಗಲಿನ ಈ ಚಿಕ್ಕ ಏರಿಳಿತವನ್ನೂ ಗ್ರಹಿಸಬಲ್ಲ ಮರಗಳು ಉಷ್ಣವಲಯದಲ್ಲಿವೆ. ಆದರೂ ನಮ್ಮ ಬಯಲುಸೀಮೆ ಮತ್ತು ಮಲೆನಾಡಿನ ಅಂಚಿನ ಮರಗಳ ಬದುಕು ಹೆಚ್ಚಾಗಿ ನೀರಿನ ಸುತ್ತ ತಿರುಗುತ್ತದೆ: ಮಳೆ ಎಂದು ನಿಂತಿತು, ಮಣ್ಣು ಎಷ್ಟು ಬೇಗ ಒಣಗಿತು, ಮತ್ತೆ ಎಂದು ನೆನೆಯಿತು.

ಬಿರುಬಿಸಿಲಿನ ಫೆಬ್ರವರಿ, ಮಾರ್ಚಿನಲ್ಲಿ, ನೆಲ ಬಿರುಕು ಬಿಟ್ಟಿರುವಾಗ, ಮುತ್ತುಗ ಮೈಯೆಲ್ಲ ಕೆಂಡವಾಗಿ ನಿಲ್ಲುವುದನ್ನು ಕಂಡವರಿಗೆ ನೀರಿನ ಮಾತು ವಿಚಿತ್ರವೆನಿಸಬಹುದು. ಒಂದು ಹನಿ ಮಳೆ ಬೀಳದಿರುವಾಗ ಹೂವಿಗೆ ಬೇಕಾದ ನೀರು ಎಲ್ಲಿಂದ ಬಂತು? ಉತ್ತರ ಉದುರಿದ ಎಲೆಗಳಲ್ಲಿದೆ. ಎಲೆ ಇರುವ ತನಕ ಬೇರು ಎತ್ತಿದ ನೀರೆಲ್ಲ ಎಲೆಯಿಂದ ಆವಿಯಾಗಿ ಹೋಗುತ್ತಿರುತ್ತದೆ. ಎಲೆ ಕಳಚಿದ ಮೇಲೆ ಆ ಸೋರಿಕೆ ನಿಲ್ಲುತ್ತದೆ. ಆಳಕ್ಕಿಳಿದ ಬೇರು ನಿಧಾನವಾಗಿ ಎತ್ತಿಕೊಡುವ ತೇವ ಕಾಂಡದಲ್ಲಿ ತುಂಬಿಕೊಳ್ಳುತ್ತ, ತಿಂಗಳುಗಳ ಹಿಂದೆಯೇ ರೂಪುಗೊಂಡು ಕಾದಿದ್ದ ಮೊಗ್ಗುಗಳನ್ನು ಉಬ್ಬಿಸುತ್ತದೆ. ಮಳೆ ಬೇಗ ಹಿಂದೆಗೆದು ಮಣ್ಣು ಬೇಗ ಒಣಗಿದ ವರ್ಷ ಎಲೆಯೂ ಬೇಗ ಉದುರುತ್ತದೆ, ಅದರ ಹಿಂದೆಯೇ ಹೂ ಬರುತ್ತದೆ. ಹಿಂಗಾರು ಡಿಸೆಂಬರಿನವರೆಗೆ ಎಳೆದ ವರ್ಷ ಎಲೆ ಅಂಟಿಕೊಂಡೇ ಇದ್ದು ಹೂವಿನ ಸರದಿ ಮುಂದಕ್ಕೆ ಹೋಗುತ್ತದೆ. ನಮ್ಮ ಬೇವಿಗೂ ಹೊಂಗೆಗೂ ಇದೇ ಮಾತು ಬಹುಪಾಲು ಒಪ್ಪುತ್ತದೆ. ಬೇವಿನ ಬೀಜಕ್ಕಂತೂ ಆಯುಸ್ಸು ಬಹಳ ಕಡಿಮೆ. ಹಣ್ಣಿನಿಂದ ಬೇರ್ಪಟ್ಟ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಮುಂಗಾರಿನ ಹೊತ್ತಿಗೆ ಹಣ್ಣು ನೆಲಕ್ಕೆ ಬೀಳಬೇಕೆಂದರೆ ಹೂ ಬೇಸಿಗೆಯಲ್ಲೇ ಅರಳಿ ಮುಗಿಯಬೇಕು. ಇದೇ ಎಲ್ಲ ಮರಗಳ ನಿಯಮ ಎನ್ನಲು ಹೊರಟರೆ ಹೊಂಗೆ ಬಿಡುವುದಿಲ್ಲ: ಅದರ ಕಾಯಿ ಬಲಿಯಲು ಹೆಚ್ಚುಕಡಿಮೆ ವರ್ಷವೇ ಹಿಡಿಯುತ್ತದೆ, ಯುಗಾದಿಯ ಹೊತ್ತಿಗೆ ಹೊಸ ಹೂವಿನ ಜೊತೆ ಹೋದ ವರ್ಷದ ಕಾಯಿಯೂ ಅದೇ ಮರದಲ್ಲಿ ತೂಗುತ್ತಿರುತ್ತದೆ.

ಮರಕ್ಕೆ ತಿಂಗಳ ಹೆಸರು ಗೊತ್ತಿಲ್ಲ ಎಂಬುದಕ್ಕೆ ನಮ್ಮ ರಸ್ತೆಗಳ ವಿದೇಶಿ ಮರಗಳೇ ಸಾಕ್ಷಿ. ಚಿಕ್ಕಂದಿನಲ್ಲಿ ನಾವು ಕಾಯಿಯನ್ನು ಕತ್ತಿ ಮಾಡಿಕೊಂಡು ಯುದ್ಧವಾಡುತ್ತಿದ್ದ ಗುಲ್‌ಮೊಹರ್ ಮೂಲತಃ ಮಡಗಾಸ್ಕರಿನದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕೆಂಪಾಗುವ ಅದು ಸಮಭಾಜಕದ ಆಚೆಯ ತವರಿನಲ್ಲಿ ಅರಳುವುದು ವರ್ಷದ ಕೊನೆಯ ತಿಂಗಳುಗಳಲ್ಲಿ. ದಕ್ಷಿಣ ಅಮೆರಿಕದ ಜಕರಂಡ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ನಗರವನ್ನು ಅಕ್ಟೋಬರ್, ನವೆಂಬರಿನಲ್ಲಿ ನೇರಳೆ ಮಾಡಿದರೆ ಬೆಂಗಳೂರಿನಲ್ಲಿ ಫೆಬ್ರವರಿ ಕಳೆಯುತ್ತಿದ್ದಂತೆ ಅರಳುತ್ತದೆ. ಎರಡೂ ಕಡೆ ಕ್ಯಾಲೆಂಡರ್ ಬೇರೆ. ಒಣಹವೆ ಮುಗಿಯುತ್ತ ಬಂದು ಬಿಸಿಲೇರುವ ಘಟ್ಟ ಮಾತ್ರ ಒಂದೇ.

ಮಳೆಗೂ ಹೂವಿಗೂ ಇರುವ ನಂಟನ್ನು ಗಡಿಯಾರ ಹಿಡಿದು ನೋಡಬೇಕೆಂದರೆ ಕಾಫಿ ತೋಟಕ್ಕೆ ಹೋಗಬೇಕು. ನನ್ನ ಅಕ್ಕನನ್ನು ಕೊಟ್ಟಿರುವುದು ಮೂಡಿಗೆರೆ ಕಡೆ. ಭಾವನ ಮನೆಯ ಜಗಲಿಯ ಮೊಳೆಗೆ ಒಂದು ಉದ್ದನೆಯ ರಿಜಿಸ್ಟರು ತೂಗುತ್ತಿರುತ್ತದೆ. ಅಂಗಳದ ಮಳೆಮಾಪಕದಲ್ಲಿ ಬೆಳಗ್ಗೆ ಎಂಟಕ್ಕೆ ಕಂಡದ್ದನ್ನು ಅವರ ಅಜ್ಜನ ಕಾಲದಿಂದಲೂ ಅದರಲ್ಲಿ ಬರೆಯುತ್ತ ಬಂದಿದ್ದಾರೆ. ಅಲ್ಲಿನವರು ಇವತ್ತಿಗೂ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲೇ ಹೇಳುತ್ತಾರೆ. ನೂರು ಸೆಂಟು ಸೇರಿದರೆ ಒಂದು ಇಂಚು. ವರ್ಷವಿಡೀ ಬೀಳುವ ನೂರಾರು ಇಂಚಿನಲ್ಲಿ ಅವರು ಉಸಿರು ಬಿಗಿಹಿಡಿದು ಕಾಯುವುದು ಮಾರ್ಚ್, ಏಪ್ರಿಲಿನಲ್ಲಿ ಬೀಳುವ ಒಂದೇ ಒಂದು ಇಂಚಿಗೆ. ಅದಕ್ಕೆ ಹೂಮಳೆ ಎಂದು ಹೆಸರು.

ಕಾಫಿಯ ಮೊಗ್ಗು ಮಳೆಗಾಲ ಕಳೆದ ಮೇಲೆ ಗಿಣ್ಣುಗಳಲ್ಲಿ ಗುಂಪುಗುಂಪಾಗಿ ಮೂಡಿ, ಅಕ್ಕಿಕಾಳಿಗಿಂತ ಕೊಂಚ ದೊಡ್ಡದಾದ ಹಸಿರು ಕಡ್ಡಿಯಾಗಿ, ಬೆಳವಣಿಗೆ ನಿಲ್ಲಿಸಿ ಕುಳಿತುಬಿಡುತ್ತದೆ. ಅದಕ್ಕೆ ಒಣಹವೆಯ ಕೆಲವು ವಾರಗಳು ಬೇಕೇ ಬೇಕು. ಬಾಯಾರಿಕೆಯನ್ನು ಕಾಣದ ಮೊಗ್ಗು ಮಳೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಹಾಗೆ ಬಾಯಾರಿದ ಮೊಗ್ಗಿನ ಮೇಲೆ ಒಂದು ಇಂಚು, ಅಂದರೆ 25 ಮಿಲಿಮೀಟರಿನಷ್ಟು, ಮಳೆ ಬಿದ್ದು ಹವೆ ಒಮ್ಮೆಲೇ ತಂಪಾದರೆ ನಿದ್ದೆ ಹರಿಯುತ್ತದೆ. ಮೂರ್ನಾಲ್ಕು ದಿನ ಕಣ್ಣಿಗೆ ಏನೂ ಕಾಣುವುದಿಲ್ಲ. ಆಮೇಲೆ ಹಸಿರು ಕಡ್ಡಿ ಬೆಳ್ಳಗಾಗುತ್ತ, ಉದ್ದವಾಗುತ್ತ, ಅರಳುವ ಹಿಂದಿನ ಸಂಜೆ ಸಣ್ಣ ಮೇಣದಬತ್ತಿಗಳ ಸಾಲಿನಂತೆ ರೆಂಬೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ, ಬೆಳಗಾಗುವಷ್ಟರಲ್ಲಿ, ಇಡೀ ಗುಡ್ಡ ಬಿಳುಪಾಗಿರುತ್ತದೆ. ಮಲ್ಲಿಗೆಯನ್ನು ಹೋಲುವ, ಆದರೆ ಅದಕ್ಕಿಂತ ಸ್ವಲ್ಪ ಭಾರವಾದ ವಾಸನೆ ಮನೆಯೊಳಗಿನ ಹಾಸಿಗೆಗೂ ಅಂಟಿಕೊಂಡಿರುತ್ತದೆ. ಎರಡು ಮೂರು ದಿನಕ್ಕೆ ಹೂ ಕಂದಿ ಆ ವೈಭವವೆಲ್ಲ ಮುಗಿದುಹೋಗುತ್ತದೆ.

ಒಂದು ವರ್ಷ ನಾನು ಅಲ್ಲಿದ್ದಾಗ ಮಧ್ಯಾಹ್ನ ಗುಡುಗಿ, ಹೆಂಚಿನ ಮೇಲೆ ದಪ್ಪ ಹನಿ ಬಿದ್ದು, ಅರ್ಧ ಗಂಟೆಯಲ್ಲಿ ನಿಂತುಹೋಯಿತು. ನನಗೆ ಸಂಭ್ರಮ. ಭಾವ ಕೊಡೆಯನ್ನೂ ಹಿಡಿಯದೆ ಮಾಪಕದ ಹತ್ತಿರ ಹೋಗಿ ಬಗ್ಗಿ ನೋಡಿ, "ನಲವತ್ತೇ ಸೆಂಟು ಕಣೋ, ಇದು ಬಂದದ್ದಕ್ಕಿಂತ ಬಾರದಿದ್ದರೇ ಚೆನ್ನಾಗಿತ್ತು" ಎಂದು ತಲೆಯ ಮೇಲೆ ಟವೆಲು ಹಾಕಿಕೊಂಡು ಒಳಗೆ ಬಂದರು. ಅವರ ಮಾತಿನ ಅರ್ಥ ಆಮೇಲೆ ತಿಳಿಯಿತು. ಅರೆಹೊಟ್ಟೆ ಮಳೆ ಮೊಗ್ಗನ್ನು ಎಬ್ಬಿಸುತ್ತದೆ, ಅರಳಿಸುವುದಿಲ್ಲ. ಎಚ್ಚರಗೊಂಡ ಮೊಗ್ಗಿಗೆ ಮುಂದಿನ ನೀರು ಸಿಗದೆ ಬಿಸಿಲೇರಿದರೆ ಅದು ಪೂರ್ತಿ ಬಿಚ್ಚಿಕೊಳ್ಳದ, ಗಿಡ್ಡ ದಳದ, ಹಸಿರು ಮಿಶ್ರಿತ ನಕ್ಷತ್ರದಂಥ ಹೂವಾಗಿ ಉಳಿದು ಕಾಯಿ ಕಟ್ಟದೆ ಒಣಗುತ್ತದೆ. ಸರಿಯಾಗಿ ಅರಳಿದ್ದಕ್ಕೂ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಅದನ್ನು ಅವರು ಬ್ಯಾಕಿಂಗ್ ಎನ್ನುತ್ತಾರೆ. ಜೊತೆಗೆ ಹೂ ಅರಳಿದ ದಿನ ಮಳೆ ಬರಕೂಡದು. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಲಾರದು; ಬೇರೆ ಗಿಡದ ಪರಾಗ ಗಾಳಿಯಲ್ಲಿ ಬರಬೇಕು, ಇಲ್ಲವೆ ಹೆಜ್ಜೇನೋ ತುಡುವೆಯೋ ತರಬೇಕು. ಆ ಒಂದು ದಿನ ಹನಿ ಬಿದ್ದರೆ ಪರಾಗ ತೊಯ್ದುಹೋಗುತ್ತದೆ. ಅರೇಬಿಕಾಕ್ಕೆ ಈ ಕಷ್ಟ ಅಷ್ಟಿಲ್ಲ, ಅದು ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ.

ಇಷ್ಟೊಂದು ಷರತ್ತುಗಳನ್ನು ಆಕಾಶಕ್ಕೆ ಬಿಟ್ಟು ಕೂರಲಾರದೆ ಕೆರೆಯಿರುವ ರೊಬಸ್ಟಾ ಬೆಳೆಗಾರರು ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಕಿ ತಾವೇ ಹೂಮಳೆ ಸುರಿಸುತ್ತಾರೆ. ಒಂದೇ ಗುಡ್ಡದಲ್ಲಿ ಬೇಲಿಯ ಈಚೆ ಹೂ ಮುಗಿದು, ಬೇಲಿಯ ಆಚೆ ಇನ್ನೂ ಹಸಿರು ಕಡ್ಡಿಯಾಗಿರುವ ತೋಟಗಳನ್ನು ನೋಡಿದವರಿಗೆ ಈ ಗಿಡ ಬಿಸಿಲಿಗಿಂತ ಹೆಚ್ಚಾಗಿ ಯಾವುದಕ್ಕೆ ಕಾಯುತ್ತದೆಂದು ಬೇರೆ ಹೇಳಬೇಕಿಲ್ಲ.

ಮಳೆ ತಪ್ಪಿ ಬಂದರೆ ಏನಾಗುತ್ತದೆ ಎಂಬುದನ್ನು 2021ರ ಜನವರಿ ತೋರಿಸಿತು. ಆ ತಿಂಗಳ ಮೊದಲ ವಾರದಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳ ಮೇಲೆ ಮಾಗಿ ಚಳಿಯ ನಡುವೆ ಅಕಾಲ ಮಳೆ ಸುರಿಯಿತು. ಕೊಯ್ಲು ಇನ್ನೂ ಮುಗಿದಿರಲಿಲ್ಲ. ಕಣದಲ್ಲಿ ಹರಡಿದ್ದ ಹಣ್ಣು ನೆನೆಯಿತು, ಗಿಡದಲ್ಲಿದ್ದದ್ದು ಉದುರಿತು. ವಾರ ಕಳೆದ ಮೇಲೆ ಇನ್ನೊಂದು ತಾಪತ್ರಯ ಎದುರಾಯಿತು: ಒಂದೇ ರೆಂಬೆಯಲ್ಲಿ ಕೆಂಪು ಹಣ್ಣೂ ಬಿಳಿ ಹೂವೂ ಒಟ್ಟಿಗೆ. ಹಣ್ಣು ಕೀಳಲು ಕೈ ಹಾಕಿದರೆ ಹೂ ಉದುರುತ್ತದೆ, ಹೂ ಉಳಿಸಲು ಕಾದರೆ ಹಣ್ಣು ನೆಲ ಸೇರುತ್ತದೆ. ಎಲ್ಲ ಮೊಗ್ಗೂ ಒಂದೇ ಮಳೆಗೆ ಏಳುವುದಿಲ್ಲವಾದ್ದರಿಂದ ಜನವರಿಯಲ್ಲಿ ಒಂದಷ್ಟು, ಮಾರ್ಚಿನಲ್ಲಿ ಒಂದಷ್ಟು ಅರಳಿ, ಮರುವರ್ಷ ಅದೇ ಗಿಡಕ್ಕೆ ಆಳುಗಳನ್ನು ಎರಡು ಮೂರು ಸಲ ಕಳಿಸಬೇಕಾಗುತ್ತದೆ. ಹವೆ ಕೆಲವೇ ದಿನ ದಾರಿ ತಪ್ಪಿದ್ದರ ಖರ್ಚು ಮುಂದಿನ ವರ್ಷದ ಕೂಲಿಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಮಾವಿನ ಕಥೆ ಇದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು. ಕಾಫಿಗೆ ಮಳೆ ಬೇಕಾದ ಜಾಗದಲ್ಲಿ ಮಾವಿಗೆ ಮಳೆ ಬೇಡ, ಚಳಿ ಬೇಕು. ನನ್ನ ಸಹೋದ್ಯೋಗಿಯೊಬ್ಬರದು ಶ್ರೀನಿವಾಸಪುರದ ಬಳಿ ಸಣ್ಣದೊಂದು ಮಾವಿನ ತೋಪಿದೆ. ಡಿಸೆಂಬರಿನ ಒಂದು ಬೆಳಗ್ಗೆ ಅವರ ಜೊತೆ ಅಲ್ಲಿ ಸುತ್ತುತ್ತಿದ್ದಾಗ ಅವರು ರೆಂಬೆಯ ತುದಿಯೊಂದನ್ನು ಬಗ್ಗಿಸಿ ಉಬ್ಬಿದ ಕುಡಿಯನ್ನು ತೋರಿಸಿ, "ಇದು ಎಲೆಯಾಗುತ್ತೋ ಹೂವಾಗುತ್ತೋ ಇನ್ನೂ ಗೊತ್ತಿಲ್ಲ ನೋಡಿ ಸಾರ್" ಎಂದರು. ಅದು ನೂರಕ್ಕೆ ನೂರು ನಿಜವಾದ ಮಾತು. ಮಾವಿನ ತುದಿಮೊಗ್ಗು ಮೊದಲು ಚಲಿಸುತ್ತದೆ, ಆಮೇಲೆ ಏನಾಗಬೇಕೆಂಬುದು ನಿಶ್ಚಯವಾಗುತ್ತದೆ. ಆ ಹೊತ್ತಿನಲ್ಲಿ ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತಿದ್ದು ಮಣ್ಣು ಒಣಗಿದ್ದರೆ ಹೂಗೊಂಚಲು ಹೊರಡುತ್ತದೆ. ರಾತ್ರಿ ಬೆಚ್ಚಗಿದ್ದು ನೆಲದಲ್ಲಿ ತೇವ ಇದ್ದರೆ ತಾಮ್ರವರ್ಣದ ಎಲೆ ಹೊರಡುತ್ತದೆ. ನಡುವೆ ಹವೆ ಮನಸ್ಸು ಬದಲಿಸಿದರೆ ಒಂದೇ ಕುಡಿಯಲ್ಲಿ ಕೆಳಗೆ ಎಲೆ, ಮೇಲೆ ಹೂ ಬಂದದ್ದನ್ನೂ ನಾನು ಅದೇ ತೋಪಿನಲ್ಲಿ ಕಂಡಿದ್ದೇನೆ. ಕುಡಿಯ ಕೆಳಗಿನ ರೆಂಬೆಗೂ ವಯಸ್ಸಾಗಿರಬೇಕು. ಎಳೆಯ ಚಿಗುರು ಎಂಥ ಚಳಿಗೂ ಜಗ್ಗುವುದಿಲ್ಲ, ನಮ್ಮ ಬೀದಿಯ ಬೇವಿನ ಕಡಿದ ಕೊಂಬೆಯ ಹಾಗೆ.

ಹಿಂಗಾರು ಅತಿಯಾದ ವರ್ಷ ಮಾವು ಕೈಕೊಡುವುದು ಇದರಿಂದಲೇ. 2021ರ ನವೆಂಬರಿನಲ್ಲಿ ಬೆಂಗಳೂರು, ಕೋಲಾರದ ಕಡೆ ಕೆರೆ ಕೋಡಿ ಬೀಳುವಷ್ಟು ಮಳೆಯಾಯಿತು. ಒಣಗಿ ತೆಪ್ಪಗಿರಬೇಕಾದ ಮರಗಳು ಹೊಸ ಚಿಗುರು ತಳೆದವು, ಆ ಚಿಗುರು ಬಲಿತು ಹೂವಿಗೆ ಸಿದ್ಧವಾಗುವಷ್ಟರಲ್ಲಿ ಚಳಿಯ ದಿನಗಳು ಕರಗಿದ್ದವು. ಶಿವರಾತ್ರಿಗೆ ಚಳಿ "ಶಿವ ಶಿವಾ" ಎಂದು ಓಡಿಹೋದ ಮೇಲೆ ಬರುವ ಹೂವಿಗೆ ಬಿಸಿಲೇ ಶತ್ರು. ಹಾಗೆಂದು ಅತಿ ಬೇಗ ಬಂದ ಹೂವೂ ಕ್ಷೇಮವಲ್ಲ. ಕೊರೆಯುವ ಚಳಿಯಲ್ಲಿ ಹೊರಟ ಗೊಂಚಲಿನಲ್ಲಿ ಗಂಡುಹೂವಿನ ಪಾಲೇ ಹೆಚ್ಚಿರುತ್ತದೆ, ಪರಾಗದಲ್ಲಿ ಸತ್ವ ಕಡಿಮೆ. ಮೋಡ ಕವಿದು ಇಬ್ಬನಿ ಬಿದ್ದರೆ ಬೂದಿರೋಗ, ಜಿಗಿಹುಳು ಎರಡೂ ಹಾಜರು. ಗೊಂಚಲೊಂದರ ಸಾವಿರಾರು ಹೂಗಳಲ್ಲಿ ಕೊನೆಗೆ ಮರದಲ್ಲಿ ಉಳಿಯುವುದು ಒಂದೆರಡು ಕಾಯಿ, ಎಷ್ಟೋ ಗೊಂಚಲುಗಳಲ್ಲಿ ಅದೂ ಇಲ್ಲ. ಹವೆಯ ಈ ಕಾಟವನ್ನು ತಪ್ಪಿಸಲು ಕೆಲವರು ಬುಡಕ್ಕೆ ಪ್ಯಾಕ್ಲೊಬ್ಯುಟ್ರಜಾಲ್ ಹಾಕುತ್ತಾರೆ. ಚಿಗುರೊಡೆಯುವುದನ್ನು ಪ್ರಚೋದಿಸಿ ಹೂವನ್ನು ತಡೆಯುವ ಜಿಬರಲಿನ್ ಎಂಬ ರಸದ ತಯಾರಿಯನ್ನು ಅದು ಕುಗ್ಗಿಸುತ್ತದೆ, ಚಳಿ ಮಾಡಬೇಕಿದ್ದ ಕೆಲಸವನ್ನು ಡಬ್ಬಿಯಿಂದ ಮಾಡಿಸಿದ ಹಾಗೆ. ನನ್ನ ಸಹೋದ್ಯೋಗಿ ಅದನ್ನು ಮುಟ್ಟುವುದಿಲ್ಲ. ಅವರ ತೋಪಿನಲ್ಲಿ ತೋತಾಪುರಿ ವರ್ಷ ವರ್ಷವೂ ಕೈಹಿಡಿಯುತ್ತದೆ, ಬಾದಾಮಿ ಒಂದು ವರ್ಷ ಕೊಟ್ಟು ಒಂದು ವರ್ಷ ಸುಮ್ಮನಿರುತ್ತದೆ. ಹೋದ ವರ್ಷ ಕಾಯಿ ಹೊತ್ತು ದಣಿದ ಮರಕ್ಕೆ ಈ ವರ್ಷ ಎಂಥ ಚಳಿ ಬಿದ್ದರೂ ಹೂವಿನ ಉತ್ಸಾಹ ಇರುವುದಿಲ್ಲ.

ಇಷ್ಟು ವಿವರ ಯಾಕೆಂದರೆ ಪ್ರತಿ ಜನವರಿಯಲ್ಲೂ ಬೆಂಗಳೂರಿನ ಗುಲಾಬಿ ಟಬೂಬಿಯಾದ ಚಿತ್ರದ ಕೆಳಗೆ "ಹವಾಮಾನ ಬದಲಾವಣೆ: ಅವಧಿಗೆ ಮೊದಲೇ ಅರಳಿದ ಹೂ" ಎಂಬ ಸಾಲನ್ನು ಓದಿ ಓದಿ ನನಗೆ ಸಾಕಾಗಿದೆ. ಈ ಊರಿನಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಒಂದೇ ಬಗೆಯದಲ್ಲ; ಕಡುಬಣ್ಣದ ಒಂದು ಜಾತಿ ನವೆಂಬರಿನಿಂದ ಜನವರಿಯವರೆಗೆ ಅರಳುವುದು ಅದರ ಸಹಜ ರೂಢಿ, ತಿಳಿಬಣ್ಣದ ಇನ್ನೊಂದು ಜಾತಿಯ ಸುಗ್ಗಿ ಅದಕ್ಕಿಂತ ತಡ. ಮೊದಲನೆಯದರ ಚಿತ್ರ ತೆಗೆದು ಎರಡನೆಯದರ ಕ್ಯಾಲೆಂಡರಿಗೆ ಹೋಲಿಸಿದರೆ ಯಾವ ವರ್ಷವೂ ಅಕಾಲವೇ ಆಗುತ್ತದೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು ವರ್ಷದ ಯಾವ ಕಾಲದಲ್ಲೂ ಊರಿನ ಯಾವುದಾದರೊಂದು ರಸ್ತೆ ಹೂವಿನಲ್ಲಿರಬೇಕೆಂದು ಸರದಿಯ ಪ್ರಕಾರ ಮರಗಳನ್ನು ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳುತನದಲ್ಲಿ ಸುಮಾರು 15 ಲಕ್ಷ ಸಸಿಗಳು ನೆಲ ಸೇರಿದವು. ಆ ಸರದಿ ಈಗ ಅಲ್ಲಲ್ಲಿ ಒಂದರ ಮೇಲೊಂದು ಬೀಳುತ್ತಿದೆ ಎಂಬ ಅನುಮಾನ ನನಗೂ ಇದೆ. ಆದರೆ ಅನುಮಾನವನ್ನು ಸುದ್ದಿ ಮಾಡುವ ಮುನ್ನ ಯಾವ ಮರ, ಅದು ಯಾವುದಕ್ಕೆ ಕಾಯುವ ಮರ, ಆ ವರ್ಷ ಅದಕ್ಕೆ ಏನು ಸಿಕ್ಕಿತು ಎಂಬ ಮೂರನ್ನಾದರೂ ಕೇಳಬೇಡವೇ? ಚಳಿ ಕುಗ್ಗಿದರೆ ಮಾವು ತಡವಾಗುತ್ತದೆ, ಅದೇ ವರ್ಷ ಬೇಗ ಒಣಗಿದ ನೆಲದಲ್ಲಿ ಮುತ್ತುಗ ಬೇಗ ಅರಳಬಹುದು, ಕಾಫಿ ಇವೆರಡಕ್ಕೂ ಸಂಬಂಧವಿಲ್ಲದಂತೆ ಮಳೆ ಬಿದ್ದ ದಿನವನ್ನು ಮಾತ್ರ ಎಣಿಸುತ್ತಿರುತ್ತದೆ.

ಒಂದು ವರ್ಷದ ಹವೆ ಬೇರೆ, ಹವಾಮಾನ ಬೇರೆ. 2023ರ ಮುಂಗಾರು ಕೈಕೊಟ್ಟು, 2024ರ ಏಪ್ರಿಲಿನಲ್ಲಿ ಬೆಂಗಳೂರಿಗೆ ಒಂದು ಹನಿಯೂ ಬೀಳಲಿಲ್ಲ. 1983ರ ಬಳಿಕ ಅಂಥ ಏಪ್ರಿಲ್ ಬಂದಿರಲಿಲ್ಲ. ಆ ಬೇಸಿಗೆಯ ಮರಗಳನ್ನು ನೋಡಿ ಮುಂದಿನ ಐವತ್ತು ವರ್ಷದ ಭವಿಷ್ಯ ನುಡಿದರೆ ಅದು ಪಂಚಾಂಗದ ಫಲಶ್ರುತಿಗಿಂತ ಹೆಚ್ಚು ನಂಬಿಕೆಗೆ ಅರ್ಹವಲ್ಲ. ಕ್ಯೋಟೋದಲ್ಲಿ ಹಾಗೆ ಹೇಳುವ ಅಧಿಕಾರ ಅವರಿಗೆ ಬಂದದ್ದು ದಾಖಲೆಯಿಂದ. ಒಂಬತ್ತನೆಯ ಶತಮಾನದಿಂದ ಅರಮನೆಯವರು, ಸನ್ಯಾಸಿಗಳು ದಿನಚರಿಗಳಲ್ಲಿ ಬರೆದಿಟ್ಟ ಚೆರ್ರಿ ಹೂವಿನ ತಾರೀಖುಗಳನ್ನು ಜೋಡಿಸಿದ್ದಾರೆ. 2021ರಲ್ಲಿ ಮಾರ್ಚ್ 26ಕ್ಕೇ ಮರಗಳು ತುಂಬಿ ಅರಳಿದಾಗ, ಅದಕ್ಕೆ ಹತ್ತಿರ ಬಂದ ಹಿಂದಿನ ತಾರೀಖು 1409ರ ಮಾರ್ಚ್ 27 ಎಂದು ಅವರು ಬೆರಳಿಟ್ಟು ತೋರಿಸಬಲ್ಲವರಾದರು. ನಮ್ಮ ದೇಶದಲ್ಲಿ 2010ರ ಸುಮಾರಿಗೆ ಶುರುವಾದ ಸೀಸನ್‌ವಾಚ್ ಯೋಜನೆಯಲ್ಲಿ ಶಾಲಾಮಕ್ಕಳೂ ಸೇರಿದಂತೆ ಸಾವಿರಾರು ಜನ ವಾರವಾರ ಒಂದೊಂದು ಮರವನ್ನು ನೋಡಿ ಬರೆಯುತ್ತಿದ್ದಾರೆ, ಅದರಲ್ಲಿ ಕೇರಳದ ಮಕ್ಕಳೇ ಮುಂದು. ಅವರಿಗೊಂದು ಅನುಕೂಲವೂ ಇದೆ. ನಮ್ಮ ಕರಾವಳಿಯ ಬಿಸುವಿನಂತೆ ಅವರ ವಿಷುವೂ ಸೌರಮಾನದ ಹಬ್ಬವಾದ್ದರಿಂದ ಏಪ್ರಿಲ್ 14, 15ನ್ನು ಬಿಟ್ಟು ಕದಲುವುದಿಲ್ಲ. ವಿಷುವಿಗೆ ಮೊದಲೇ ಕಕ್ಕೆ ಹೂ ಉದುರಿಹೋಯಿತು ಎಂದು ಅಲ್ಲಿಯವರು ದೂರಿದರೆ ಆ ದೂರು ಮರದ ಬಗೆಗೇ ಇರುತ್ತದೆ. ಯುಗಾದಿಯ ಬೇವಿನ ಬಗ್ಗೆ ನಾವು ದೂರುವುದರಲ್ಲಿ ಅರ್ಧ ಪಾಲು ಚಂದ್ರನದು.

ಭಾವನ ಜಗಲಿಯ ರಿಜಿಸ್ಟರಿನಂಥವು ಮಲೆನಾಡಿನ ಎಷ್ಟೋ ಮನೆಗಳಲ್ಲಿವೆ. ಮಳೆಯ ಅಂಕಿಯ ಪಕ್ಕದಲ್ಲಿ "ಹೂ" ಎಂದು ಒಂದಕ್ಷರ ಬರೆದಿರುವ ಪುಟಗಳನ್ನು ನಾನೇ ನೋಡಿದ್ದೇನೆ. ಕೆಲವನ್ನು ಗೆದ್ದಲು ತಿನ್ನುತ್ತಿದೆ, ಕೆಲವು ಪಾಲಾಗುವಾಗ ರದ್ದಿಗೆ ಹೋಗಿವೆ. ಹೋದ ಬೇಸಿಗೆಯಲ್ಲಿ ನಾನು ಭಾವನದನ್ನು ಮೊಬೈಲಿನಲ್ಲಿ ಪುಟಪುಟವಾಗಿ ಚಿತ್ರ ತೆಗೆದುಕೊಂಡೆ. ಅಜ್ಜನ ಕೈಬರಹ ಓದಲು ಅಕ್ಕ ಪಕ್ಕದಲ್ಲಿ ಕೂರಬೇಕಾಯಿತು.

ಇದನ್ನು ಬರೆಯುತ್ತಿರುವ ಫೆಬ್ರವರಿಯ ಈ ವಾರ ನಮ್ಮ ಬೀದಿಯ ಬೇವು ಎಲೆ ಹಳದಿಯಾಗಿಸಿಕೊಂಡು ಉದುರಿಸತೊಡಗಿದೆ, ಬೆಳಗ್ಗೆ ಗುಡಿಸಿದ ಅಂಗಳ ಮಧ್ಯಾಹ್ನಕ್ಕೆ ಮತ್ತೆ ಹಾಗೇ ಇರುತ್ತದೆ. 2026ರ ಯುಗಾದಿ ಮಾರ್ಚ್ 19ಕ್ಕೇ ಇರುವುದರಿಂದ ಹೂ ಸಿಗುವ ಭರವಸೆ ನನಗೆ ಹೆಚ್ಚಿಲ್ಲ. ಜ್ಯೇಷ್ಠದಲ್ಲಿ ಅಧಿಕಮಾಸ ಬಂದು 2027ರ ಹಬ್ಬ ಏಪ್ರಿಲ್ 7ಕ್ಕೆ ಹೋಗುತ್ತದೆ, ಆಗ ಧಾರಾಳವಾಗಿ ಸಿಗಬಹುದು. ಭಾವ ನಿನ್ನೆ ಫೋನಿನಲ್ಲಿ ಸ್ಪ್ರಿಂಕ್ಲರ್ ಹಾಕುವುದೋ ಇನ್ನೊಂದು ವಾರ ಕಾಯುವುದೋ ಎಂದು ತೂಗಿ ನೋಡುತ್ತಿದ್ದರು. ಪರಾಭವ ಸಂವತ್ಸರದ ಪಂಚಾಂಗ ಮನೆಗೆ ಬಂದ ಮೇಲೆ ಅಮ್ಮನ ಬಗೆಯ ಸಾಲಿನ ಕೆಳಗೆ ಇನ್ನೆರಡು ಸಾಲುಗಳಿಗೆ ಜಾಗ ಬಿಡಬೇಕೆಂದಿದ್ದೇನೆ: ಕೊನೆಯ ಮಳೆ ನಿಂತ ದಿನ, ಕಾಂಪೌಂಡಿನ ಕಡೆಯ ಕೊಂಬೆಯಲ್ಲಿ ಮೊದಲ ಹೂ ಬಿಚ್ಚಿದ ದಿನ.